ಅಳತೆ ಮಣೆ

ಮುಖ ತಡವಾಗಿ ಕಾಣುತ್ತದೆ ನನಗೆ.
ಹಂಪನಕಟ್ಟೆಯ ಈ ಚಪ್ಪಲಿ ಅಂಗಡಿಯಲ್ಲಿ
ಇಪ್ಪತ್ತೆಂಟು ವರ್ಷ, ಮೊಣಕಾಲೆತ್ತರದ ಸ್ಟೂಲಿನ ಮೇಲೆ ಕೂತವನು
ಮೊದಲು ಕಾಲು ನೋಡುತ್ತೇನೆ,
ಆಮೇಲೆ ಬೇಕಾದರೆ ಮನುಷ್ಯ.

ಅಳತೆ ಮಣೆಯ ತಗಡು ಸೆಕೆಗಾಲದಲ್ಲೂ ತಣ್ಣಗೆ.
ತಾಗಿದ ಕೂಡಲೆ ಹೆಬ್ಬೆರಳು ಮುದುಡಿದರೆ
ಸರಿ, ಒಳಗೆ ಯಾರೋ ಇದ್ದಾರೆ.

ಜಲಜಾಕ್ಷಿ ಟೀಚರಿಗೆ ಹಿಮ್ಮಡಿಯದ್ದೇ ಪುರಾಣ:
ಬೆಳಿಗ್ಗೆ ಮಂಚದಿಂದಿಳಿದ ಮೊದಲ ಹೆಜ್ಜೆಗೆ
ಕೆಳಗಿನಿಂದ ಯಾರೋ ಮೊಳೆ ಹೊಡೆದ ಹಾಗೆ,
ಚಾ ಕುದಿಯುವಷ್ಟರಲ್ಲಿ ಸಲೀಸು,
ಮೂರನೇ ಪೀರಿಯಡ್ಡಿಗೆ ಪುನಃ ಶುರು.
ಮೆತ್ತಗಿನದು ಕೊಡು ಮಾರಾಯ, ಎನ್ನುತ್ತಾರೆ.
ಕೊಡುತ್ತೇನೆ. ಟೈಲ್ಸಿನ ಮೇಲೆ ಬರಿಗಾಲು ಬೇಡ,
ಗೋಡೆಗೆ ಕೈ ಕೊಟ್ಟು ಮೀನಖಂಡ ಎಳೆಯಿರಿ ದಿನಾ,
ಎರಡು ತಿಂಗಳಾದರೂ ಬಿಡದಿದ್ದರೆ ಇಲ್ಲಿಗೆ ಬರಬೇಡಿ,
ಡಾಕ್ಟರ ಹತ್ತಿರ ಹೋಗಿ.
ನಾನು ಓದಿದ್ದಲ್ಲ ಇದು, ಕೇಳಿದ್ದು.
ಎಲುಬಿನ ಡಾಕ್ಟರೂ ನನ್ನ ಗಿರಾಕಿಯೇ, ಒಂಬತ್ತು ನಂಬರು,
ಎಡಗಾಲು ಬಲಕ್ಕಿಂತ ತುಸು ದೊಡ್ಡದು.

ಉರ್ವದ ಹುಡುಗನೊಬ್ಬ ವಾಲಿಬಾಲಿನಲ್ಲಿ ಕಾಲು ಮಡಚಿ
ಅಜ್ಜಿಯಿಂದ ಎಣ್ಣೆ ತಿಕ್ಕಿಸಿಕೊಂಡು ಬಂದಿದ್ದ,
ಒಂದು ಸೈಜು ದೊಡ್ಡ ಶೂಸು ಬೇಕಂತೆ, ಬಾವು ಹಿಡಿಸಲು.
ನಾಲ್ಕು ಹೆಜ್ಜೆ ಊರು ನೋಡುವ, ಎಂದೆ.
ಎರಡನೆಯದಕ್ಕೇ ಬೆಂಚು ಹಿಡಿದ.
ಹರಡಿನ ಎಲುಬು ಮುಟ್ಟಿದರೆ ತುಟಿ ಕಚ್ಚಿದ.
ಶೂಸು ಮಾರಲಿಲ್ಲ, ರಿಕ್ಷಾ ಕರೆದೆ, ಎಕ್ಸ್‌ರೇಗೆ.
ಧಣಿಗಳು ಗಲ್ಲಾದಿಂದ ಕನ್ನಡಕ ಇಳಿಸಿ ನೋಡಿದರು.

ಲೆಸ್ಲಿ ಪಾಯ್ಸ್ ಬಂದದ್ದು ಒಂದು ಬುಧವಾರ,
ಸುರತ್ಕಲ್ ಬಸ್ಸಿನ ಕಂಡಕ್ಟರು,
ದುಂಬು ಪೋಲೆ, ದುಂಬು ಪೋಲೆ ಎಂದು ಒರಟಾದ ಗಂಟಲು.
ಹಳೆಯದು ಯಾಕೋ ಒಳಗೆ ಅಂಟಂಟು, ಹೊಸದು ಕೊಡಿ.
ತಗಡಿನ ಮೇಲೆ ಕಾಲಿಟ್ಟರು.
ಹೆಬ್ಬೆರಳು ಮುದುಡಲಿಲ್ಲ.

ಹಳೆ ಚಪ್ಪಲಿ ತಿರುಗಿಸಿದೆ.
ಅಟ್ಟೆ ತೂರಿ ಒಂದು ಮೊಳೆ
ಅಕ್ಕಿಕಾಳಿನಷ್ಟು ತಲೆ ಎತ್ತಿದೆ ಒಳಗೆ,
ಸುತ್ತ ಕಪ್ಪಾದ ನೆತ್ತರು.
ಕಿರುಬೆರಳಿನ ಬುಡದಲ್ಲಿ ತೂತು,
ಅಂಚು ಬಿಳಿ, ಮೇಲಿನವರೆಗೂ ಕೆಂಪು, ವಾಸನೆ.
ನೋಯುವುದಿಲ್ಲವಾ?
ಎಂತದೂ ಇಲ್ಲ, ಎಂದು ನಕ್ಕರು.
ಶುಗರ್ ಉಂಟಾ?
ಉಂಟು, ಸ್ವಲ್ಪ.

ಈ ಊರಲ್ಲಿ ಎಲ್ಲರಿಗೂ ಸ್ವಲ್ಪವೇ.

ನೋವಿನ ಕಾಲುಗಳಿಗೆ ಎಷ್ಟೋ ಸಲ ಹೇಳಿದ್ದೇನೆ
ವಾರ ನೋಡಿ, ಐಸ್ ಇಡಿ, ಎತ್ತರಕ್ಕೆ ಚಾಚಿ ಮಲಗಿ.
ನೋವೇ ಇಲ್ಲದ ಕಾಲಿಗೆ
ಈಗಲೇ ಎನ್ನಬೇಕಾಯಿತು.
ಇನ್ನೊಂದು ಟ್ರಿಪ್ ಉಂಟು, ಸಂಜೆ ಹೋಗುತ್ತೇನೆ, ಎಂದರು.
ಹೊಸದು ಕೊಡಲಿಲ್ಲ ನಾನು,
ಹಳೆಯದನ್ನು ಬೆನ್ನ ಹಿಂದೆ ಅಡಗಿಸಿಟ್ಟೆ
ಚಿಕ್ಕ ಮಕ್ಕಳ ಹಾಗೆ.
ಬೈದರು. ತುಳುವಿನಲ್ಲಿ, ಕೊಂಕಣಿಯಲ್ಲಿ.
ಬೈಯುತ್ತಲೇ ನನ್ನ ಸ್ಕೂಟರು ಹತ್ತಿದರು, ವೆನ್ಲಾಕಿಗೆ,
ಕಾಲಿಗೆ ಅಂಗಡಿಯ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು.

ಎರಡು ಬೆರಳು ಹೋದವು. ಕಾಲು ಉಳಿಯಿತು.
ಈಗ ಸ್ಟೇಟ್‌ಬ್ಯಾಂಕಿನಲ್ಲಿ ಟೈಮ್‌ಕೀಪರ್,
ಕೂತಲ್ಲಿಂದಲೇ ಸೀಟಿ.
ನಾನು ದಾಟಿದರೆ ಅಗತ್ಯಕ್ಕಿಂತ ಉದ್ದ ಊದುತ್ತಾರೆ.

ರಾತ್ರಿ ಶಟರು ಅರ್ಧ ಎಳೆದ ಮೇಲೆ
ಗಿರಾಕಿಗಳ ಓರೆ ಕನ್ನಡಿಯಲ್ಲಿ
ನನ್ನ ಅಂಗಾಲು ನೋಡಿಕೊಳ್ಳುತ್ತೇನೆ, ಬೆರಳ ಸಂದು ಸಹಿತ.
ಇಪ್ಪತ್ತೆಂಟು ವರ್ಷ ನೋಡದೆ ಬಿಟ್ಟದ್ದು ಇವೆರಡನ್ನೇ.
ನನಗೂ ಉಂಟು. ಸ್ವಲ್ಪ.

ತಗಡಿನ ಮೇಲೆ ಎಡಗಾಲು.
ತಣ್ಣಗೆ.
ಬಲಗಾಲು.
ತೆಗೆದು, ಒರೆಸಿ,
ಮತ್ತೊಮ್ಮೆ ಇಡುತ್ತೇನೆ.