ಏಳು ಲಕ್ಷ ನಲವತ್ತೆಂಟು ಸಾವಿರದ ಇನ್ನೂರು

ಪೋಕರ್ ಇಕ್ಕನ ರೇಡಿಯೋ ರಿಪೇರಿ ಅಂಗಡಿಯಲ್ಲಿ
ಹತ್ತು ನಿಮಿಷಕ್ಕೆ ಒಂದು ರೂಪಾಯಿ.
ಕ್ಯಾಸೆಟ್ಟಿನ ಮೇಲೆ ಬರೆದದ್ದು
ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟ;
ಒಳಗಿದ್ದದ್ದು ನಾಲ್ಕು.
ಮೂರು, ಊದಿ ಊದಿ ಹಾಕಿದರೂ ಏಳುತ್ತಿರಲಿಲ್ಲ.
ಉಳಿದದ್ದು ಇದು:
ಕೆಳಗೊಂದು ಪುಟ್ಟ ಬಿಳಿ ನೌಕೆ,
ಮೇಲಿಂದ ಇಳಿಯುವ ಅಷ್ಟೂ ಕತ್ತಲೆ.

ಗುಟ್ಟು ಹೇಳಿಕೊಟ್ಟವನು
ಕೆಇಬಿ ಲೈನ್‌ಮ್ಯಾನ್ ಚೋಮುಣಿ.
'ನೋಡು, ಹಾರ್ತಾ ಇರೋದು ವಿಮಾನ ಅಲ್ಲ.
ಅದು ನಿಂತಲ್ಲೇ ನಿಂತಿದೆ.
ಜಾರ್ತಾ ಇರೋದು ಆಕಾಶ.
ಕಂಬದ ಮೇಲೆ ನನಗೂ ಹೀಗೇ.
ನಾನೆಂತ ಹತ್ತೋದು,
ಸಿದ್ದಾಪುರ ಕೆಳಗೆ ಇಳಿಯುತ್ತೆ.'

ಖಾಕಿ ಅಂಗಿ, ಸೊಂಟದಲ್ಲಿ ಕಟಿಂಗ್ ಪ್ಲೇಯರ್,
ಹೆಬ್ಬೆರಳಲ್ಲಿ ಹಳೆಯ ಸುಟ್ಟ ಕುಳಿ
ಗುಂಡಿಯ ಮೇಲೆ ಕೂತರೆ
ಅಳತೆ ತೆಗೆದು ಹೊಲಿದಂತೆ.
ಹಸಿರು ತಟ್ಟೆಗಳು, ಕೆಂಪು ಜಿರಳೆಗಳು,
ಬೆನ್ನ ಮೇಲೆ ಫಿರಂಗಿ ಹೊತ್ತ ಕಬ್ಬಿಣದ ದ್ವೀಪಗಳು
ಟಕಟಕಟಕ ಸಿಡಿದು ಹೋಗುತ್ತಿದ್ದವು.
ನನ್ನ ಕೈಗೆ ಎರಡನೇ ಜಾಯ್‌ಸ್ಟಿಕ್ ಕೊಟ್ಟಿದ್ದರು.
ಅದರ ವಯರು ಎಲ್ಲಿಗೂ ಸೇರಿರಲಿಲ್ಲ.
ಗೊತ್ತಿದ್ದೂ ಒತ್ತುತ್ತಿದ್ದೆ,
ಕೆಲವು ಸಾವುಗಳಾದರೂ ನನ್ನವು ಎಂದುಕೊಂಡು.

ಮಾರ್ಚ್ ತಿಂಗಳು. ಹೂಮಳೆ ಬಂದಿಲ್ಲ.
ತೋಟತೋಟದ ಸ್ಪ್ರಿಂಕ್ಲರ್ ಮೋಟಾರುಗಳು
ಕಾವೇರಿಗೆ ಬಾಯಿ ಹಾಕಿದೊಡನೆ ವೋಲ್ಟೇಜು ಬಿದ್ದು
ಟೀವಿಯ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗುತ್ತಿತ್ತು,
ಬಿಸಿನೀರಲ್ಲಿ ಒಗೆದ ಸ್ವೆಟರಿನ ಹಾಗೆ.
ಬಾಹ್ಯಾಕಾಶ ಒಂದು ಗೇಣು ಕಮ್ಮಿ.
'ಎಂತ ಮಾಡೋದು, ಕಾಫಿ ಹೂ ಬಿಡಬೇಕಲ್ಲ,'
ಎನ್ನುತ್ತಿದ್ದ ಚೋಮುಣಿ,
ಇದ್ದಷ್ಟೇ ಆಕಾಶದಲ್ಲಿ ಓರೆಯಾಗಿ ನುಸುಳುತ್ತ.

ಆ ರಾತ್ರಿ ಒಂಬತ್ತನೇ ಹಂತ.
ಯಾರೂ ಕಂಡಿರದ್ದು.
ಪರದೆಯ ಅಗಲಕ್ಕೂ ಒಂದು ತಾಯಿಹಡಗು,
ಎದೆಯ ನಡುವೆ ತೆರೆದು ಮುಚ್ಚುವ ಒಂದೇ ಕಣ್ಣು.
ಇಕ್ಕ ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟ.
ಆಗ ಲಾರಿಯ ಕ್ಲೀನರ್ ಹುಡುಗ ಏದುಸಿರಲ್ಲಿ ಬಂದ:
ಆನೆ ಕಂಬ ದೂಡಿದೆ.
ತಂತಿ ಲೈನ್‌ಮನೆಯ ಅಂಗಳದಲ್ಲಿ ಬಿದ್ದು ಕಿಡಿ ಕಾರುತ್ತಿದೆ.
ಜಗಲಿಯಲ್ಲಿ ಮಕ್ಕಳಿದ್ದಾರೆ.

ಚೋಮುಣಿ ಪಾಸ್ ಒತ್ತಿದ.
ಜಾಯ್‌ಸ್ಟಿಕ್ಕನ್ನು ನನ್ನ ಮಡಿಲಿಗಿಟ್ಟ,
ಮೊದಲನೆಯದನ್ನು.
'ಮುಟ್ಟಬೇಡ. ಕಾಯ್ತಾ ಇರು.'
ಸೈಕಲ್ಲಿನ ಡೈನಮೊ ಗುರ್ರೆನ್ನುತ್ತ ದೂರವಾಯಿತು.

ನಿಂತ ಆಕಾಶವನ್ನು ನಾನು ನೋಡಿದ್ದು ಅದೇ ಮೊದಲು.
ಗುಂಡುಗಳು ಅರ್ಧ ದಾರಿಯಲ್ಲಿ,
ದಾರ ಎಳೆದುಕೊಂಡ ಮಣಿಸರದಂತೆ.
ಮೂಲೆಯ ಅಂಕಿ ಓದಿದೆ. ಮತ್ತೆ ಓದಿದೆ.
ಮಗ್ಗಿಯಂತೆ ಬಾಯಿಪಾಠ ಮಾಡಿದೆ,
ಯಾಕೆಂದರೆ ಅಷ್ಟರಲ್ಲಿ ಹೊಳೆದಿತ್ತು
ಅವನು ಹೋಗಿ ಏನು ಮಾಡುತ್ತಾನೆಂದು,
ನಮ್ಮ ಅಂಗಡಿಯೂ ಅದೇ ಮಾಲ್ದಾರೆ ಲೈನಿನಲ್ಲಿದೆಯೆಂದು.

ಸ್ವಿಚ್ಚಿನ ಕೋಲು ಅವನೇ ಎಳೆದ.
ಟೀವಿ ಒಂದು ಚುಕ್ಕಿಯಾಗಿ
ಚುಕ್ಕಿಯೂ ಹೋಯಿತು.

ಹನ್ನೊಂದಕ್ಕೆ ಬಂದ, ಮೈಯೆಲ್ಲ ಮುಳ್ಳುಗೀರು.
ಮಕ್ಕಳು ಊಟಕ್ಕೆ ಕೂತಿವೆ.
ಆನೆಯೂ ಸುಖ, ಬೈದುಕೊಂಡು ಹೋಯಿತು.
ಮೇಣದಬತ್ತಿಯ ಬೆಳಕಲ್ಲಿ ನನ್ನನ್ನು ಕೇಳಿದ್ದು ಒಂದೇ,
'ಎಷ್ಟಿತ್ತು?'
ಹೇಳಿದೆ.
ಟೆಸ್ಟರಿನ ತುದಿಯಿಂದ ಸುಣ್ಣದ ಗೋಡೆಯಲ್ಲಿ ಗೀಚಿದ.

ಈಗ ಅಲ್ಲಿ ಮೊಬೈಲ್ ಅಂಗಡಿ, ಗೋಡೆಗೆಲ್ಲ ಕಿತ್ತಳೆ ಬಣ್ಣ.
ಆಟ ನನ್ನ ಫೋನಿನಲ್ಲೇ ಇದೆ.
ಎಲ್ಲಿ ಬೇಕಾದರೂ ಉಳಿಸಿಡಬಹುದು,
ಸಾಯುವ ಕ್ಷಣಕ್ಕೆ ತುಸು ಮುಂಚೆ ಮರಳಬಹುದು.
ಹಾಗೆ ಕದ್ದು ಕದ್ದು ತಾಯಿಹಡಗು ದಾಟಿದೆ.

ಕಳೆದ ವಾರ ನೆಲ್ಯಹುದಿಕೇರಿಯಲ್ಲಿ
ಬಸ್ಸಿಗೆ ನಿಂತಿದ್ದ ಚೋಮುಣಿಗೆ ಹೇಳಿದೆ,
'ಆಚೆ ಏನೂ ಇಲ್ಲ ಅಣ್ಣ.
ಮತ್ತೆ ಒಂದನೇ ಹಂತ. ವೇಗ ಮಾತ್ರ ಜಾಸ್ತಿ.'
ಪಾಸ್‌ಬುಕ್ಕಿನಲ್ಲಿ ಗಾಳಿ ಬೀಸಿಕೊಳ್ಳುತ್ತ
'ಸರಿಯಾಗೇ ಇದೆ,' ಅಂದ.
'ಹೊರಟಲ್ಲಿಗೆ ವಾಪಸ್ ಬರದಿದ್ರೆ
ಯಾವ ಲೈನಲ್ಲೂ ಬಲ್ಬು ಉರಿಯೋಲ್ಲ.'

ಬಸ್ಸು ಬಂತು.
ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದ:
'ಏಳು ಲಕ್ಷ ನಲವತ್ತೆಂಟು ಸಾವಿರ, ಅಲ್ವಾ?'

'ಮೇಲೆ ಇನ್ನೂರು,' ಅಂದೆ.