ನಾಲ್ಕನೇ ಕೌಂಟರು

ನಿಮಿಷಕ್ಕೆ ಹದಿನೆಂಟು ಸಾಮಾನು.
ನಿನ್ನೆ ನನ್ನದು ಹದಿನಾಲ್ಕೂವರೆ.
ಆ ಅರ್ಧ ಯಾವುದೆಂದು
ನಾಯ್ಕ ಸರ್‌ಗೆ ಕೇಳಲಿಲ್ಲ.

ಪಟ್ಟಿಯಲ್ಲಿ ಮೇಲಿದ್ದವಳಿಗೆ ಒಂದನೇ ಕೌಂಟರು, ಫ್ಯಾನಿನ ಕೆಳಗೆ:
ಬ್ರೆಡ್ಡು, ಶಾಂಪೂ,
ಕಾರ್ಡು ತೋರಿಸಿ ನಡೆಯುವ ನೌಕಾನೆಲೆಯ ಹುಡುಗರು.
ನನಗೆ ನಾಲ್ಕು. ಬಾಗಿಲ ಬುಡ.
ಕುಚ್ಚಲಕ್ಕಿ ಚೀಲ, ತೂಗಿಸದೇ ತಂದ ಬಟಾಟೆ,
ಒದ್ದೆ ನೋಟು.

ಬೈತಖೋಲದ ಶೇವಂತಿಬಾಯಿ ಇವತ್ತೂ ಬಂದಳು.
ಸೆರಗಿನ ಗಂಟು ಬಿಚ್ಚಿ ನಾಣ್ಯ ಸುರಿದಳು,
ಐದರ ಒಂದಕ್ಕೆ ಮೀನಿನ ಹುರುಪೆ ಅಂಟಿತ್ತು.
ಎಣಿಸಿ, ತಪ್ಪಿ, ಮತ್ತೆ ಮೊದಲಿಂದ.

ಪರದೆಯ ಮೂಲೆಯ ನನ್ನ ಅಂಕಿ
ಹಸಿರಿನಿಂದ ಹಳದಿಗಿಳಿಯಿತು.
"ಬಂಗಡೆ ಎಣಿಸೂದ್ರಲ್ಲಿ ನಾನೂ ಜೋರೇ" ಅಂದಳು,
"ದುಡ್ಡು ಮಾತ್ರ ಕೈಬಿಟ್ಟು ಬೇಗ ಹೋಗೂದಿಲ್ಲ ನೋಡು."

ಕೆಂಪು.
ಹಿಂದಿನವನು ಕೆಮ್ಮಿದ.
ನಾನೂ ಅವಳೊಟ್ಟಿಗೆ ಎಣಿಸಿದೆ, ಕೊಂಕಣಿಯಲ್ಲಿ,
ಏಕ, ದೋನ, ತೀನ...
ಎರಡು ರೂಪಾಯಿ ಕಮ್ಮಿ.

ನನ್ನ ಪರ್ಸು ಲಾಕರಿನಲ್ಲಿ.
ಈ ಸಮವಸ್ತ್ರಕ್ಕೆ ಕಿಸೆ ಹೊಲಿಯುವುದಿಲ್ಲ.

ಬೆಂಕಿಪೊಟ್ಟಣ ವಾಪಸು ತಳ್ಳಿದಳು.
ರದ್ದು ಮಾಡಲು ನಾಯ್ಕ ಸರ್ ಕೀಲಿ ಬೇಕು,
ಅವರು ಗೋದಾಮಿನಲ್ಲಿದ್ದರು.
"ಊಟ ಆಯ್ತನೇ?" ಕೇಳಿದಳು. ಇಲ್ಲವೆಂದೆ.
ಇಬ್ಬರೂ ಕಾದೆವು.
ಪರದೆಯೊಂದೇ ಎಣಿಸುತ್ತಿತ್ತು,
ಒಂದೂ ತಪ್ಪದೆ.