ಚೀಲಕ್ಕೆ ಬಂದ ಮಾತು

ಗಂಜಿನಲ್ಲಿ ತೊಗರಿಯ ಸವಾಲು ನಡೆದಿರುವಾಗ
ಯಂತ್ರ ನಿಲ್ಲಿಸುವಂತಿಲ್ಲ.
ಕಾಟಾ ನಿಂತರೂ ನಿಂತೀತು,
ಮುನೀಮ ಬಸವಂತರಾಯರ ಬಾಯಿ ನಿಲ್ಲದು.
ನಾನು ಗೋದಾಮಿನ ಪಕ್ಕದ ಕೋಣೆಯಲ್ಲಿ
ಹೊಟ್ಟಿನ ಧೂಳಿಗೆ ಸೀನುತ್ತ ಪರದೆಯ ಮುಂದೆ.

ಒಳಗೆ, ಅದರ ನೆನಪಿನಲ್ಲಿ,
ಹನ್ನೊಂದು ಸಾವಿರದ ನಾನೂರು ಚೀಲ.
ಎಲ್ಲವೂ ಒಂದೇ ಕ್ಲಾಸು. ಕ್ಲಾಸಿನ ಹೆಸರೂ ಚೀಲವೇ.
ತೂಕ ಕೇಳಿದರೆ ತೂಕ ಹೇಳುತ್ತವೆ,
ಊರು ಕೇಳಿದರೆ ಆಳಂದ, ಸೇಡಂ, ಚಿತ್ತಾಪುರ.
ಒಣಗಿದ್ದೆಷ್ಟು ಎಂದರೆ ಮಾತ್ರ
ಒಕ್ಕೊರಲಿನಿಂದ:
ಆ ಮಾತು ನಮಗೆ ಬರುವುದಿಲ್ಲ.

ಬಂದ ದಿನದ ತೂಕ ಅವುಗಳ ಹೊಟ್ಟೆಯಲ್ಲೇ ಇತ್ತು,
ಇವತ್ತಿನದೂ ಇತ್ತು.
ಒಂದರಲ್ಲಿ ಒಂದು ಕಳೆಯುವುದನ್ನು
ಯಾರೂ ಕಲಿಸಿರಲಿಲ್ಲ, ಅಷ್ಟೆ.

ನಾಲ್ಕು ಸಾಲು ಬರೆದೆ. ಕ್ಲಾಸಿಗೆ ಸೇರಿಸಿದೆ.
ಸವಾಲು ನಿಲ್ಲಲಿಲ್ಲ. ಲೈಟು ಕೂಡ ಮಿಣುಕಲಿಲ್ಲ.
ಮೂರು ತಿಂಗಳಿಂದ ಗೋಡೆಗೊರಗಿ ಕೂತಿದ್ದ ಚೀಲ
ತಟ್ಟನೆ ಹೇಳಿತು: ಒಂದು ಕಿಲೋ ಇನ್ನೂರು.

ಆರನೇ ಕಾಟಾದಲ್ಲಿ ಮಾತ್ರ ಹಳೆಯದೇ ಉತ್ತರ.
ಇಲ್ಲ ಎಂದು ಹೇಳಿ ಹೇಳಿ
ಇಲ್ಲ ಎಂಬುದನ್ನೇ ನೆನಪಿಟ್ಟುಕೊಂಡಿತ್ತು,
ಮತ್ತೆ ಹುಡುಕುವ ತಂಟೆಗೇ ಹೋಗದೆ.
ಆ ನೆನಪನ್ನಷ್ಟು ಅಳಿಸಬೇಕಾಯಿತು.

ಬಾಗಿಲಲ್ಲಿ ಸಾಬಣ್ಣ, ಹೆಗಲ ಮೇಲೆ ಕೊಂಡಿ.
'ಅಷ್ಟೂ ಚೀಲಕ್ಕ ಒಮ್ಮಿಗೇ ಬಂತೇನ್ರೀ ಅಕ್ಕಾರ?'
ಹೌದು, ಇರುವವಕ್ಕೂ, ನಾಳೆ ಬರುವವಕ್ಕೂ.
ಅವನು ಬೆವರು ಒರೆಸಿಕೊಂಡ.
'ನಮ್ಮ ಟೋಳ್ಯಾಗ ನಲವತ್ತು ಮಂದಿ ಅದೀವಿ.
ಕಾಟಾದ ಚೀಟಿ ಓದೂದು
ಹೋದ ವರ್ಷ ನಾ ಒಬ್ಬನೇ ಕಲ್ತೆ.
ಉಳಿದವರಿಗಿ ಬರಲಿಲ್ಲ ನೋಡ್ರಿ.'

ಹಾಗೂ ಉಂಟು ಸಾಬಣ್ಣ, ಎಂದೆ,
ಒಂದಕ್ಕೇ ಕಲಿಸಿ ಬಿಡುವುದು.
ಅದು ಆ ಒಂದರಲ್ಲೇ ಉಳಿಯುತ್ತದೆ.

'ಖರೇ,' ಅಂದ. ಹೊರಟವನು ತಿರುಗಿ ನಿಂತ.
'ಒಣಗಿದ್ದು ಗೊತ್ತಾಯ್ತಲ್ರೀ ಈಗ,
ಅದನ ನಮ್ಮ ಹಮಾಲಿಯೊಳಗ ಮುರೀತಾರೇನು?'

ತೂಕ ಕೇಳಿದ್ದರೆ ಹೇಳುತ್ತಿದ್ದೆ. ಊರು ಕೇಳಿದ್ದರೂ.
ಬಸವಂತರಾಯರು ಹೊರಗೆ ಕೂಗುತ್ತಿದ್ದರು,
ಆರನೇ ಕಾಟಾ ಸರಿಹೋಯಿತು ಎಂದು.
ಸಾಬಣ್ಣ ಇನ್ನೂ ನಿಂತೇ ಇದ್ದ.
ನಾನು ಪರದೆ ನೋಡಿದೆ,
ಅಲ್ಲಿ ಕರ್ಸರು ಮಿಣುಕುತ್ತಿತ್ತು.